ನಾಲ್ಕಡಿ ಬಚ್ಚಲಿನ ಕಿಂಡಿ

ಅದು ೨೦೨೩ನೆಯ ಇಸವಿ. ನನಗೆ ಆಗ ಐವತ್ನಾಲ್ಕು ವರ್ಷ. ಅಷ್ಟು ವಯಸ್ಸಾಗುವವರೆಗೆ ನಾನು ಬಚ್ಚಲುಮನೆಯನ್ನು ಕುರಿತು ಒಂದು ಸಲವೂ ಯೋಚಿಸಿರಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಬಚ್ಚಲಿನಲ್ಲಿ ಕುಳಿತು ಲೋಕದ ಎಲ್ಲ ವಿಷಯಗಳನ್ನೂ ಯೋಚಿಸಿದ್ದೇನೆ, ಬಚ್ಚಲೊಂದನ್ನು ಬಿಟ್ಟು. ಮನೆ ಕಟ್ಟಿಸುವವರೂ ಅಷ್ಟೆ. ದೇವರ ಕೋಣೆ ಎಲ್ಲಿ, ಒಲೆಯ ಕಟ್ಟೆ ಯಾವ ದಿಕ್ಕಿಗೆ, ಟಿ.ವಿ. ಯಾವ ಗೋಡೆಗೆ ಎಂದು ತಿಂಗಳುಗಟ್ಟಲೆ ವಾದಿಸಿ, ಎಲ್ಲ ಮುಗಿದ ಮೇಲೆ ಯಾರಿಗೂ ಬೇಡವಾದ ಮೂಲೆಯನ್ನು ಬಚ್ಚಲಿಗೆ ದಾನ ಮಾಡುತ್ತಾರೆ. ಆದರೆ ಮನುಷ್ಯನು ಬಾಗಿಲ ಚಿಲಕ ಹಾಕಿ, ಉಟ್ಟ ಬಟ್ಟೆ ಕಳಚಿ, ಇಲ್ಲಿ ತಾನೊಬ್ಬನೇ ಇದ್ದೇನೆಂದು ಪೂರ್ಣವಾಗಿ ನಂಬುವ ಕೋಣೆ ಇಡೀ ಮನೆಯಲ್ಲಿ ಅದೊಂದೇ. ಆ ನಂಬಿಕೆಗೆ ಆಧಾರವೇನೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಾನು ಟಿಕೋಟದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು. ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು, ಇನ್ನು ಗಟ್ಟಿಯಾಗಿ ಮಾತನಾಡಬಾರದೆಂದು ವೈದ್ಯರು ವಿಧಿಸಿದ ಮೇಲೆ ಶಾಲೆಯನ್ನು ಬಿಟ್ಟೆ. ಈಗ ಮನೆಯಲ್ಲಿಯೇ ಕುಳಿತು ಪರರ ಪುಸ್ತಕಗಳ ಕರಡು ತಿದ್ದುತ್ತೇನೆ. ಮಾತು ಕಡಿಮೆಯಾಯಿತೇ ಹೊರತು ತಿದ್ದುವುದು ಕಡಿಮೆಯಾಗಲಿಲ್ಲ. ಬಸ್ಸಿನ ಫಲಕ, ಮದುವೆಯ ಕರೆಯೋಲೆ, ಗೋಳಗುಮ್ಮಟದ ಎದುರಿಗೆ ನಿಲ್ಲುವ ಕಬ್ಬಿನ ಹಾಲಿನ ಗಾಡಿಯ ಮೇಲಿನ ಬರಹ, ಯಾವುದನ್ನೂ ನಾನು ಹಾಗೆಯೇ ಬಿಟ್ಟವನಲ್ಲ. ಬರೆದದ್ದೆಲ್ಲವನ್ನೂ ತಿದ್ದಬಹುದು, ಅಳೆದದ್ದೆಲ್ಲವೂ ಅರ್ಥವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತ ನಾಲ್ಕಡಿ ಅಗಲ, ಆರೂವರೆ ಅಡಿ ಉದ್ದದ ಒಂದು ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದ ಕಥೆಯನ್ನು ಹೇಳಬೇಕೆಂದಿದ್ದೇನೆ.

ನಿಜವಾಗಿ ಜಾರಿ ಬಿದ್ದವಳು ನನ್ನ ಅಕ್ಕ, ಶಾಂತಕ್ಕ. ಗಂಡ ತೀರಿಕೊಂಡ ಮೇಲೆ ಮಮದಾಪುರದಿಂದ ಒಂದು ಟ್ರಂಕು, ಒಂದು ಹೊಲಿಗೆಯಂತ್ರ ಇವೆರಡನ್ನು ಹಿಡಿದುಕೊಂಡು ವಿಜಯಪುರದ ನಮ್ಮ ಮನೆಗೆ ಬಂದವಳು. ಬಂದ ದಿನವೇ ಮನೆಯ ಆಡಳಿತವನ್ನು ವಹಿಸಿಕೊಂಡವಳು. ನನ್ನ ಹೆಂಡತಿ ಸುನಂದಾಳಿಗೂ ಅವಳಿಗೂ ಒಮ್ಮೆಯೂ ಜಗಳವಾಗಿಲ್ಲ, ಏಕೆಂದರೆ ಇಬ್ಬರಿಗೂ ಜಗಳವಾಡಲು ನಾನಿದ್ದೇನೆ. ಆ ಶಾಂತಕ್ಕ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾಯಿತು. ಆದರೆ ಹಿತ್ತಲಿನ ಆಚೆ ತುದಿಯಲ್ಲಿದ್ದ ಸಂಡಾಸಕ್ಕೆ ಹೋಗಲಾರಳು, ಹಳೆಯ ಬಚ್ಚಲಿನ ನೆಲದಲ್ಲಿ ಕುಳಿತು ಏಳಲಾರಳು. ಸುನಂದಾ ದಿನಾಲೂ ಮಂಚದ ಸುತ್ತ ಸೀರೆ ಕಟ್ಟಿ, ಒದ್ದೆ ಟವೆಲ್ಲಿನಿಂದ ಅವಳ ಮೈ ಒರೆಸುತ್ತಿದ್ದಳು. ಆ ಹೊತ್ತಿನಲ್ಲಿ ಶಾಂತಕ್ಕ ಗೋಡೆಯ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳಂತೆ. ಒಂದು ದಿನ ನನ್ನನ್ನು ಕರೆದು, “ಬಸ್ಯಾ, ನನಗ ಬ್ಯಾರೇ ಏನೂ ಬ್ಯಾಡ. ಬಾಗಲಾ ಹಾಕ್ಕೊಂಡು ನನ್ನ ಮೈ ನಾನ ತೊಳ್ಕೊಬೇಕು. ಅಷ್ಟ ಮಾಡ್ಕೊಡು” ಎಂದಳು. ಯಾವುದನ್ನೂ ಬೇಡಿದವಳಲ್ಲ ಅವಳು. ನಾನು ಅಂದೇ ಚೌಕುಳಿಯ ಕಾಗದ ತಂದೆ.

ಹಳೆಯ ಬಚ್ಚಲಿನಲ್ಲಿಯೇ ಕಮೋಡು, ಕುಳಿತು ಮೀಯುವ ಕಟ್ಟೆ, ಗೋಡೆಗೆ ಸ್ಟೀಲಿನ ಹಿಡಿಕೆಗಳು ಇವೆಲ್ಲವನ್ನೂ ಹೊಂದಿಸುವುದೆಂದು ನಿರ್ಧರಿಸಿದೆ. ಬಾಗಿಲು ಪೂರ್ವಕ್ಕೆ; ಒಳಗೆ ಹೋದರೆ ಎದುರಿಗೆ ಪಶ್ಚಿಮದ ಗೋಡೆ. ಆ ಗೋಡೆಯ ಬುಡದಲ್ಲಿ ಒಂದು ಕರಿಯ ಬಚ್ಚಲಗಲ್ಲು, ಆ ಕಲ್ಲಿನಲ್ಲಿ ತೆಂಗಿನಕಾಯಿ ಹಿಡಿಸುವಷ್ಟು ದುಂಡನೆಯ ಒಂದು ಕಿಂಡಿ. ನೀರು ಅದರೊಳಗೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆಂದು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. ಬಾದಶಹರ ಕಾಲದ ನೀರಿನ ಸುರಂಗಗಳು ಊರ ಕೆಳಗೆ ಹರಡಿಕೊಂಡಿವೆ, ಅದರದೊಂದು ಕವಲಿರಬೇಕೆಂದು ಓಣಿಯವರು ಹೇಳುತ್ತಾರೆ. ಒಮ್ಮೆ ಚರಂಡಿ ಸ್ವಚ್ಛ ಮಾಡುವವರು ಬಂದು ತಮ್ಮ ಉದ್ದನೆಯ ಸರಳನ್ನು ಕಿಂಡಿಯಲ್ಲಿ ಇಳಿಬಿಟ್ಟಿದ್ದರು. ಸರಳು ಪೂರ್ತಿ ಇಳಿಯಿತು. ಅದಕ್ಕೆ ಇನ್ನೊಂದನ್ನು ಜೋಡಿಸಿದರು, ಅದೂ ಇಳಿಯಿತು. ಹೊರಗೆಳೆದಾಗ ಸರಳಿಗೆ ಕೆಸರಿರಲಿಲ್ಲ, ನೀರೂ ಇರಲಿಲ್ಲ. ಬಟ್ಟೆಯಿಂದ ಒರೆಸಿ ಕೊಟ್ಟಂತೆ ಒಣಗಿತ್ತು. ಅವರು ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಬಚ್ಚಲಿನ ಕಿಂಡಿಯೆಂದರೆ ನಾರಬೇಕು. ನಮ್ಮ ಕಿಂಡಿಯಿಂದ ಬೇಸಿಗೆಯಲ್ಲಿಯೂ ತಣ್ಣನೆಯ ಗಾಳಿ ಬರುತ್ತದೆ, ಆಗತಾನೇ ನೆನೆದ ಮಣ್ಣಿನ ವಾಸನೆ ಬರುತ್ತದೆ.

ನಮ್ಮ ಓಣಿಯ ಮನೆಗಳಲ್ಲಿ ಒಂದು ರೂಢಿಯುಂಟು. ಬಚ್ಚಲಿಗೆ ಕುದಿಯುವ ನೀರನ್ನು ಚೆಲ್ಲುವ ಮೊದಲು ಒಂದು ತಂಬಿಗೆ ತಣ್ಣೀರು ಹಾಕಿ, “ಸರೀರಿ” ಎಂದು ಹೇಳಬೇಕು. ಯಾರಿಗೆಂದು ಕೇಳಬಾರದು. ಕೆಳಗೆ ಇರುವವರಿಗೆ. ಹಿಂದೂಗಳ ಮನೆಯಲ್ಲಿಯೂ ಹೇಳುತ್ತಾರೆ, ಮುಸಲ್ಮಾನರ ಮನೆಯಲ್ಲಿಯೂ ಹೇಳುತ್ತಾರೆ. ಕೆಳಗೆ ಇರುವವರು ಯಾರ ಪೈಕಿ ಎಂಬ ಬಗ್ಗೆ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ. ನಮ್ಮ ಮನೆಯಲ್ಲಿ ಕುದಿನೀರು ಚೆಲ್ಲುವ ಕೆಲಸ ಶಾಂತಕ್ಕನದೇ; ಅವಳು ಈ ರೂಢಿಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕಣ್ಣಿಗೆ ಕಾಣದ, ಹೆಸರು ಗೊತ್ತಿಲ್ಲದ ಅವರಿಗೆ ಅವಳು ಸದಾ ಬಹುವಚನವನ್ನೇ ಬಳಸುತ್ತಿದ್ದಳು. ಒಡಹುಟ್ಟಿದ ನಾನು ಮಾತ್ರ ಬಸ್ಯಾ.

ನಕ್ಷೆ ಮೂರು ವಾರ ನಡೆಯಿತು. ಮೊಟ್ಟಮೊದಲು ನಾನು ಗುರುತಿಸಿದ್ದು ವಾಷ್‌ಬೇಸಿನ್ನನ್ನು. ಬಾಗಿಲ ಪಕ್ಕದ ದಕ್ಷಿಣ ಗೋಡೆಗೆ, ಮೇಲೊಂದು ಕನ್ನಡಿಯೊಡನೆ. ಬಿಳಿಯ ಬೇಸಿನ್ನಿನ ಮುಂದೆ ನೆಟ್ಟಗೆ ನಿಂತು ಗಡ್ಡ ಹೆರೆದುಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ. ನಡುವೆ ಮೀಯುವ ಕಟ್ಟೆ. ಕಮೋಡಿಗೆ ಉಳಿದದ್ದು ಪಶ್ಚಿಮದ ಗೋಡೆ, ಅಂದರೆ ಸರಿಯಾಗಿ ಆ ಕಿಂಡಿಯ ಮೇಲೆ. ಕಿಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿ, ಹೊಸ ಕೊಳವೆಯನ್ನು ಬೀದಿಯ ಒಳಚರಂಡಿಗೆ ಜೋಡಿಸುವುದೆಂದು ಬರೆದು ಕೆಳಗೆ ಗೆರೆ ಎಳೆದೆ. ಕಾಗದದ ಮೇಲೆ ಎಲ್ಲವೂ ಚೊಕ್ಕವಾಗಿತ್ತು. ಆದರೂ ಪರೀಕ್ಷಿಸದೆ ಒಪ್ಪುವವನಲ್ಲ ನಾನು. ಹಿತ್ತಲಿನ ಫರಸಿಯ ಮೇಲೆ ಸೀಮೆಸುಣ್ಣದಿಂದ ಇಡೀ ಬಚ್ಚಲನ್ನು ಪೂರ್ಣ ಅಳತೆಯಲ್ಲಿ ಎಳೆದು, ಕಮೋಡಿನ ಸ್ಥಳದಲ್ಲಿ ಸ್ಟೂಲು ಇಟ್ಟು, ವಾಕರ್ ಕೊಟ್ಟು, ಸುನಂದಾಳನ್ನು ಅಕ್ಕನ ಪಾತ್ರದಲ್ಲಿ ಒಳಗೆ ಕಳಿಸಿದೆ.

“ನಿಲ್ಲು! ಗೋಡೆಯನ್ನು ತುಳಿದೆ” ಎಂದು ನಾನು ಪಿಸುಗುಟ್ಟಿದೆ, ಗಟ್ಟಿಯಾಗಿ ಕೂಗುವಂತಿಲ್ಲವಲ್ಲ.

“ಎಲ್ಲೈತ್ರಿ ಗ್ವಾಡಿ? ಸುಣ್ಣ ತುಳದೀನಿ, ಅಷ್ಟ. ನೋಡ್ರಿ, ಈ ನಿಮ್ಮ ಬೇಸಿನ್ ಮೊಣಕೈಗೆ ಬಡೀತೈತಿ.”

“ಬೇಸಿನ್ನಿಗೆ ಬಡಿಯದಂತೆ ನಡೆಯಬೇಕು.”

ಒಳಗಿನ ಮಂಚದಿಂದ ಶಾಂತಕ್ಕನ ದನಿ ಬಂತು: “ಸಾಲಿ ಬಿಟ್ರೂ ಸುಣ್ಣದ ಖಡು ಬಿಡಲಿಲ್ಲ ನೋಡ ನನ್ನ ತಮ್ಮ. ಬಯಲಾಗ ಸಂಡಾಸ ತಗದಾನ, ಅದರಾಗ ಹೆಂಡ್ತೀನ ಕುಂಡ್ರಿಸ್ಯಾನ! ಓಣಿ ಮಂದಿ ನೋಡಿದ್ರ ಏನಂದಾರಲೇ?”

ಸುನಂದಾ ನಕ್ಕು ಸ್ಟೂಲಿನಿಂದ ಬೀಳುವುದರಲ್ಲಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ, ರಾತ್ರಿಯ ಇಬ್ಬನಿಗೋ ಬೆಕ್ಕಿನ ಓಡಾಟಕ್ಕೋ ನನ್ನ ಗೆರೆಗಳೆಲ್ಲ ಮಾಸಿಹೋಗಿದ್ದವು. ಗೋಡೆಯಿಲ್ಲ, ಬಾಗಿಲಿಲ್ಲ, ಬೇಸಿನ್ನಿಲ್ಲ. ಕಿಂಡಿಯೆಂದು ಗುರುತಿಸಲು ಎಳೆದಿದ್ದ ದುಂಡು ಮಾತ್ರ, ಈಗತಾನೇ ಎಳೆದು ಕೈ ತೆಗೆದಂತೆ, ಬೆಳ್ಳಗೆ ಉಳಿದುಕೊಂಡಿತ್ತು. ಆ ಭಾಗದ ಕಲ್ಲು ಒರಟಾಗಿರಬೇಕೆಂದು ಮುಟ್ಟಿ ನೋಡಿದೆ. ಅದು ಉಳಿದ ಕಲ್ಲುಗಳಿಗಿಂತ ನುಣುಪಾಗಿತ್ತು. ಎಲ್ಲವನ್ನೂ ಮತ್ತೆ ಎಳೆದೆ. ದುಂಡನ್ನು ಎಳೆಯುವ ಅಗತ್ಯವಿರಲಿಲ್ಲ.

ಗೌಂಡಿಯೆಂದು ಬಂದವನು ಬಬಲೇಶ್ವರದ ರಾಜೇಸಾಬ. ಕೈಗಿಂತ ಬಾಯಿ ಹೆಚ್ಚು ನಡೆಯುವ ಮನುಷ್ಯ. ಅಳತೆಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಗೇಣಿನಿಂದ ಅಳೆಯುತ್ತಿದ್ದ, ಅಳೆದದ್ದನ್ನು ಚಹಾ ಕುಡಿಯುವಷ್ಟರಲ್ಲಿ ಮರೆಯುತ್ತಿದ್ದ. ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ಎಲ್ಲಾ ಬರೋಬ್ಬರಿ ಐತ್ರಿ ಸರ್ರ. ಆದ್ರ ಕಮೋಡ ಪಡುವಲಕ್ಕ ಬೆನ್ನ ಕೊಡ್ತೈತಿ. ನಾವು ಆ ಕಡೆ ನಮಾಜ ಮಾಡವ್ರು. ಅತ್ತಾಗ ಮುಖಾನೂ ಬ್ಯಾಡ, ಬೆನ್ನೂ ಬ್ಯಾಡ. ನನ್ನ ಕೈಲಿಂದ ಆಗೂದಿಲ್ಲ” ಎಂದ. ಸುನಂದಾಳ ತವರಿನವರು ಫೋನಿನಲ್ಲಿ, ಈಶಾನ್ಯವನ್ನು ಮುಟ್ಟಬೇಡಿರೆಂದಿದ್ದರು. ಹಗಲು ಉತ್ತರಕ್ಕೂ ರಾತ್ರಿ ದಕ್ಷಿಣಕ್ಕೂ ಮುಖ ಮಾಡಿ ಕುಳಿತುಕೊಳ್ಳಬೇಕೆಂಬ ಶಾಸ್ತ್ರವನ್ನು ನಾನು ಎಲ್ಲಿಯೋ ಓದಿದ್ದೆ. ಇವರೆಲ್ಲರನ್ನೂ ತೃಪ್ತಿಪಡಿಸಬೇಕಾದರೆ ಕಮೋಡನ್ನು ಮೂಲೆಯಲ್ಲಿ ಇಡದೆ ಸಭಾಂಗಣದ ಫ್ಯಾನಿನಂತೆ ತಿರುಗುವ ಹಾಗೆ ಮಾಡಿಸಬೇಕಾಗಿತ್ತು. “ದಿಕ್ಕಿನ ವಿಚಾರ ಆಮೇಲೆ ನೋಡೋಣ. ಮೊದಲು ಕಿಂಡಿಯನ್ನು ಮುಚ್ಚು” ಎಂದೆ.

ಅದು ಮಟಮಟ ಮಧ್ಯಾಹ್ನ. ಭಯಪಡಲು ಯೋಗ್ಯವಾದ ಹೊತ್ತೇ ಅಲ್ಲ. ಮುಚ್ಚುವ ಮೊದಲು ಹುಳಹುಪ್ಪಟೆ ಸಾಯಲೆಂದು ನಾನು ಒಂದು ಬಕೆಟ್ ಕುದಿನೀರು ತರಿಸಿದೆ. ಚೆಲ್ಲಲು ಬಾಗಿದವನನ್ನು ರಾಜೇಸಾಬ ತೋಳು ಹಿಡಿದು ತಡೆದ. “ಸರ್ರ, ಹೇಳಿ ಹಾಕ್ರಿ.” ನನಗೆ ನಗು ಬಂತು. ಹೇಳಲೇಬೇಕಾದರೆ ಶುದ್ಧವಾಗಿಯೇ ಹೇಳೋಣವೆಂದು, ಕಿಂಡಿಗೆ ಬಾಗಿ, ನನ್ನ ಒಡೆದ ಗಂಟಲಿನಲ್ಲಿ ಸಾಧ್ಯವಾದಷ್ಟು ಸ್ಪಷ್ಟವಾಗಿ, “ದಯವಿಟ್ಟು ಪಕ್ಕಕ್ಕೆ ಸರಿಯಿರಿ” ಎಂದೆ.

“ಎಲ್ಲಿಗೆ?” ಎಂದಿತು ಕಿಂಡಿ.

ಕೂಗಿದ್ದಲ್ಲ, ಬೆದರಿಸಿದ್ದಲ್ಲ. ಊರಿಗೆ ಹೊರಟವರನ್ನು ಬಾಗಿಲಲ್ಲಿ ನಿಂತು ವಿಚಾರಿಸುವ ಧಾಟಿ. ಗಂಡಸಿನದೋ ಹೆಂಗಸಿನದೋ ಹೇಳಲಾಗದು. ಉತ್ತರ ಬರುವುದೆಂದು ನಿರೀಕ್ಷಿಸಿ ಅದು ಸುಮ್ಮನಾಯಿತು. ಬಕೆಟ್ಟಿನ ಹಬೆ ನನ್ನ ಕನ್ನಡಕದ ಮೇಲೆ ಕುಳಿತು ಏನೂ ಕಾಣದಾಯಿತು. ಕಾಣದ ಆ ಮಂಜಿನೊಳಗಿಂದ ರಾಜೇಸಾಬನ ಧ್ವನಿ ಕೇಳಿಸಿತು: “ಸರ್ರ, ನೀವೇನರ ಕೇಳಿದ್ರೇನ್ರಿ?”

“ಏನನ್ನು?”

“ಹೌದಲ್ರಿ. ನಾನೂ ಏನೂ ಕೇಳಿಲ್ರಿ.”

ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವನು ಹಿತ್ತಲನ್ನು ದಾಟಿದ್ದ. “ಬಬಲೇಶ್ವರ ಬಸ್ಸಿಗಿ ಹೊತ್ತಾತ್ರಿ” ಎಂದು ಹೊರಗಿನಿಂದಲೇ ಕೂಗಿ ಹೇಳಿದ. ಬಬಲೇಶ್ವರಕ್ಕೆ ಸಂಜೆಯವರೆಗೂ ಬಸ್ಸುಗಳಿವೆ. ಕರಣೆಯನ್ನೂ ಇಲ್ಲಿಯೇ ಬಿಟ್ಟುಹೋಗಿದ್ದ.

ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವನಿಗೆ ಪ್ರತಿಧ್ವನಿ ಹೊಸದಲ್ಲ. ಪ್ರವಾಸಿಗರು ಮೇಲೆ ಹತ್ತಿ ತಮ್ಮ ಹೆಸರನ್ನು ಕೂಗಿ, ಅದು ಮರಳಿ ಬಂದಾಗ ಪದವಿ ಪಡೆದಷ್ಟು ಸಂತೋಷಪಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಇದೂ ಅಂಥದೇ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆದರೆ ಅಲ್ಲಿ “ಅವ್ವಾ” ಎಂದರೆ “ಅವ್ವಾ” ಎಂದೇ ಮರಳುತ್ತದೆ, “ಏನಪ್ಪಾ?” ಎಂದು ಮರಳಿದ್ದನ್ನು ಯಾರೂ ಕೇಳಿಲ್ಲ. ಪ್ರತಿಧ್ವನಿ ಪ್ರಶ್ನೆ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಕಿಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕ್ರಮಬದ್ಧವಾಗಿ ಪರೀಕ್ಷೆ ನಡೆಸಿದೆ. ವರ್ಣಮಾಲೆ ಹೇಳಿದೆ. ನದಿಗಳ ಹೆಸರು ಹೇಳಿದೆ. ನನ್ನ ಹೆಸರನ್ನೂ ವಿದ್ಯಾರ್ಹತೆಯನ್ನೂ ತಿಳಿಸಿದೆ. ಕಿಂಡಿ ಕೊನೆಯ ಬೆಂಚಿನ ಹುಡುಗನಂತೆ ಸುಮ್ಮನಿತ್ತು. ಕೊನೆಗೆ ಮೆಲ್ಲಗೆ “ಸರಿಯಿರಿ” ಎಂದೆ.

“ಎಲ್ಲಿಗೆ?”

ಹಿಂದೆ ಸುನಂದಾ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಆದರೆ ನನ್ನ ಹೆಂಡತಿಯ ಬಾಯಿ ಯಾವ ಭಯಕ್ಕೂ ಕಟ್ಟುವುದಿಲ್ಲ. “ಕೇಳಾಕತ್ತಾರಲ್ರಿ, ಹೇಳ್ರಿ. ಸಾಲ್ಯಾಗ ಹುಡುಗ್ರು ಪ್ರಶ್ನೆ ಕೇಳಿದ್ರ ಖುಷಿ ಪಡ್ತಿದ್ರಿ. ಈಗ್ಯಾಕ ಬೆವರಾಕತ್ತೀರಿ?”

ಇಬ್ಬರೂ ಶಾಂತಕ್ಕನ ಬಳಿಗೆ ಹೋದೆವು. ಅವಳನ್ನು ಹೆದರಿಸಬಾರದೆಂದು ನಾನು ಪೀಠಿಕೆ ಹಾಕುತ್ತಿರುವಾಗಲೇ ಅವಳು, “ಎಲ್ಲಿಗಿ ಅಂದ್ರೇನ?” ಎಂದಳು.

“ನಿನಗೆ ಗೊತ್ತೇ?”

“ಗೊತ್ತಿರಲಾರದೇನ? ದಿನಾ ಕೇಳ್ತಾರ. ‘ಎಲ್ಲಿಗಿ, ತಂಗೀ?’ ಅಂತಾರ. ಇಲ್ಲೇ ಬಾಜೂಕ ಸರೀರಿ, ನೀರ ಹೋದ್ಮ್ಯಾಲ ಬರ್ರಿ ಅಂತೀನಿ. ಹೂಂ ಅಂತಾರ.” ಹಾಲಿನವನ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳಿದಳು.

“ಅಕ್ಕಾರ, ನಿಮ್ಮನ್ನ ಬೀಳಿಸಿದವ್ರೂ ಅವ್ರ ಏನ್ರಿ?” ಎಂದು ಸುನಂದಾ ಕೇಳಿದಳು.

“ಹುಚ್ಚಿ, ಅವ್ರ್ಯಾಕ ಬೀಳಸ್ತಾರ? ಬಿದ್ದದ್ದು ನನ್ನ ಕಾಲು ಜಾರಿ. ತಲಿ ಕಲ್ಲಿಗಿ ಬಡೀತಿತ್ತು ನೋಡ. ಯಾರೋ ಕೈ ಇಟ್ಟಂಗ ಆತು. ತಣ್ಣಗ ಇತ್ತು ಕೈ.” ಅವಳು ತನ್ನ ಹಿಂದಲೆಯನ್ನು ಸವರಿಕೊಂಡಳು. ನಾನು ಅತ್ತ ನೋಡಲಿಲ್ಲ.

ಕಿಂಡಿಯನ್ನು ಮುಚ್ಚುವುದು ಅನಿವಾರ್ಯವೆಂದು ನಕ್ಷೆಯನ್ನು ಬಿಡಿಸಿ ತೋರಿಸಿದೆ. ಶಾಂತಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಡಚಿ ನನ್ನ ಕೈಗಿಟ್ಟಳು. “ನಂಗ ಮೈ ತೊಳಿಯಾಕ ಜಾಗಾ ಬೇಕಂತ ಮತ್ತೊಬ್ಬರ ಜಾಗಾ ಮುಚ್ಚಿದ್ರ ಆ ನೀರು ಮೈಗೆ ಹತ್ತೂದಿಲ್ಲೋ ಬಸ್ಯಾ. ಮುಚ್ಚಿದ್ರ ಮುಚ್ಚು. ನಾ ಒಳಗ ಕಾಲಿಡೂದಿಲ್ಲ. ಟವೆಲ್ಲ ಇರ್ಲಿ ನನಗ.” ಹೀಗೆ ಹೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಗೋಡೆಯತ್ತ ಮುಖ ಮಾಡಿದವಳ ಆ ಬೆನ್ನನ್ನು ನಾನು ಆವರೆಗೆ ಕಂಡಿರಲಿಲ್ಲ; ಸುನಂದಾ ಹೇಳಿದ್ದನ್ನು ಕೇಳಿದ್ದೆ, ಅಷ್ಟೆ.

ಅಂದು ಸಂಜೆ ನನಗೆ ಜ್ಞಾನೋದಯವಾಯಿತು. ನಮ್ಮ ಬಚ್ಚಲಿನ ಪಶ್ಚಿಮದ ಗೋಡೆಯ ಆಚೆಗೆ ಇರುವುದು ನೆರೆಮನೆಯ ಹಮೀದಾಬಿಯವರ ಬಚ್ಚಲು. ಎಪ್ಪತ್ತು ದಾಟಿದ ಹಿರಿಯರು. ಬಳೆ ವ್ಯಾಪಾರದ ಮನೆತನ. ಎರಡೂ ಬಚ್ಚಲುಗಳ ನೀರು ಒಂದೇ ಕಾಲುವೆಗೆ ಬೀಳುತ್ತಿದ್ದರೆ, ಧ್ವನಿಯೂ ಅದೇ ದಾರಿಯಲ್ಲಿ ಬರಬೇಕಲ್ಲವೇ? ಇಷ್ಟು ಸರಳವಾದದ್ದು ಹೊಳೆಯದೆ ನಾನು ಎರಡು ದಿನ ಬೆವರಿದೆನಲ್ಲ ಎಂದು ನಾಚಿಕೆಯಾಗಿ, ಅಂಗಿಯ ಗುಂಡಿಯನ್ನು ಹಾಕಿಕೊಳ್ಳುತ್ತಲೇ ಅವರ ಮನೆಗೆ ನಡೆದೆ.

“ಬರ್ರಿ ಮಾಸ್ತರ್ರ” ಎಂದು ಹಮೀದಾಬಿ ಕುರ್ಚಿ ಕೊಟ್ಟರು. ನಾನು ವಿಷಯವನ್ನು ಎತ್ತುವುದೇ ತಡ, “ಕೇಳಸ್ತೈತ್ರಿ! ಶಾಂತಕ್ಕ ‘ಸರೀರಿ’ ಅನ್ನೂದು ದಿನಾ ಕೇಳಸ್ತಿತ್ತು. ಅಕಿ ದನಿ ಕೇಳಿದ ಮ್ಯಾಲ ನಾ ನೀರ ಹಾಕೂದು. ಬಿದ್ದಾಗಿಂದ ಆ ಕಡೆ ಸುಮ್ನ ಐತಿ ನೋಡ್ರಿ, ಜೀವಕ್ಕ ಸಮಾಧಾನಿಲ್ಲ. ಯಾವಾಗ ಏಳ್ತಾಳ್ರಿ?” ಎಂದರು.

“ಏಳುತ್ತಾಳೆ. ನೀವೂ ಬಿಸಿನೀರು ಚೆಲ್ಲುವಾಗ ಹೇಳುತ್ತೀರೇ?”

“ಹೇಳದ ಹಾಕಿದ್ರ ಹೆಂಗ್ರಿ? ಬಿಸ್ಮಿಲ್ಲಾ ಅಂದು, ‘ಸರ್ಕೋ ಬಾಬಾ’ ಅಂತೀನಿ.”

ನನಗೆ ಹಾಡಬೇಕೆನಿಸಿತು. “ಹಾಗಾದರೆ ನಾವು ಹೇಳಿದ್ದು ನಿಮಗೆ, ನೀವು ಹೇಳಿದ್ದು ನಮಗೆ ಕೇಳಿಸಿದೆ, ಅಷ್ಟೆ! ‘ಎಲ್ಲಿಗೆ’ ಎಂದು ಕೇಳುವವರು ನೀವೇ!”

ಹಮೀದಾಬಿ ನನ್ನನ್ನು ವಿಚಿತ್ರವಾಗಿ ನೋಡಿದರು. “ನಾನ್ಯಾಕ ಕೇಳ್ಲಿ ಮಾಸ್ತರ್ರ? ಕೇಳಾವ್ರು ನಿಮ್ಮ ಮನಿಯವ್ರಲ್ರಿ. ನಾ ‘ಸರ್ಕೋ’ ಅಂದ ಕೂಡ್ಲೆ ‘ಕಿಧರ್?’ ಅಂತಾರ. ಎಲ್ಲಿಗಿ ಅಂತ, ನಮ್ಮ ಮಾತಿನಾಗ. ಎಷ್ಟ್ ಅದಬ್ಲೆ, ಮರ್ಯಾದಿಲೆ ಕೇಳ್ತಾರಂತೀನಿ! ಮಾಸ್ತರ್ ಮನ್ಯಾಗ ಯಾರೋ ಉರ್ದು ಕಲ್ತಾರ, ಛಲೋ ಆತು ಅಂತ ನಮ್ಮ ಸೊಸಿ ಮುಂದ ಹೇಳಿದ್ನಿ.”

ನಮ್ಮ ಮನೆಯಲ್ಲಿ ಯಾರಿಗೂ ಉರ್ದು ಬರುವುದಿಲ್ಲ. ಹಮೀದಾಬಿಯವರ ಮನೆಯಲ್ಲಿ ಯಾರೂ “ಎಲ್ಲಿಗೆ” ಎಂದು ಪುಸ್ತಕದಲ್ಲಿ ಅಚ್ಚಾದಂತೆ ಉಚ್ಚರಿಸುವವರಿಲ್ಲ. ಶಾಂತಕ್ಕನನ್ನು ತಂಗಿ ಎಂದು ಕರೆಯುವವರೂ ಇಲ್ಲ. ನಮ್ಮ ಮಾತನ್ನು ಕಳೆದೆ, ಅವರ ಮಾತನ್ನು ಕಳೆದೆ, ಶೇಷ ಉಳಿಯಿತು. ಅವರವರ ಭಾಷೆಯಲ್ಲಿ, ಅವರವರ ಮರ್ಯಾದೆಗೆ ತಕ್ಕಂತೆ, ಒಂದೇ ಪ್ರಶ್ನೆಯನ್ನು ಕೇಳುವವರು ಗೋಡೆಯ ಈ ಕಡೆಯವರೂ ಅಲ್ಲ, ಆ ಕಡೆಯವರೂ ಅಲ್ಲ. ನಾನು ಇದನ್ನು ಹೇಳಿದಾಗ ಹಮೀದಾಬಿ ಗ್ರಹಿಸಿಕೊಂಡರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಮೆತ್ತಗೆ ಕೇಳಿದರು: “ಕಿಂಡಿ ಮುಚ್ಚಸ್ತೀರಂತ? ರಾಜೇಸಾಬ ಓಣಿ ತುಂಬ ಹೇಳ್ಕೋತ ಹೋಗ್ಯಾನ. ಮುಚ್ಚಬ್ಯಾಡ್ರಿ. ನೀವು ಮುಚ್ಚಿದ್ರ ಅವ್ರೆಲ್ಲಾ ನಮ್ಮ ಕಡಿಗೇ ಬರ್ತಾರ. ನಮ್ಮ ಬಚ್ಚಲರ ಎಷ್ಟ್ ದೊಡ್ದೈತ್ರಿ?”

ಮನೆಗೆ ಬಂದೆ. ಹಿತ್ತಲಿನಲ್ಲಿ ಇಳಿಬಿಸಿಲು. ಶಾಂತಕ್ಕ ವಾಕರ್ ಹಿಡಿದು, ಸುನಂದಾಳ ಆಸರೆಯಲ್ಲಿ ಅಷ್ಟು ದೂರ ಬಂದು, ಸೀಮೆಸುಣ್ಣದ ಬಚ್ಚಲಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ಒಳಗೆ ಕಾಲಿಡುವುದಿಲ್ಲವೆಂದವಳು ಗೆರೆಗಳನ್ನು ಕಣ್ಣಿನಿಂದಲೇ ತುಳಿಯುತ್ತಿದ್ದಳು. ಅವಳಿಗೆ ಆ ಬಚ್ಚಲು ಎಷ್ಟು ಬೇಕಾಗಿದೆಯೆಂಬುದು ನನಗೆ ಆಗ ಗೊತ್ತಾಯಿತು. ನಾನು ನೆರೆಮನೆಯ ಸುದ್ದಿಯನ್ನೆಲ್ಲ ಹೇಳಿದೆ. ಅವಳಿಗೇನೂ ಆಶ್ಚರ್ಯವಾಗಲಿಲ್ಲ.

“ಎಲ್ಲಿಗಿ ಅಂತ ಕೇಳಿದವ್ರಿಗೆ ಎಲ್ಲಿಗಿ ಅಂತ ಹೇಳಬೇಕಪ್ಪ ಮನಿ ಯಜಮಾನಾದಾಂವ. ಸರೀರಿ ಸರೀರಿ ಅಂದ್ರ ಎಲ್ಲಿ ಸರೀತಾರ? ಜಾಗಾ ಎಲ್ಲಿಟ್ಟೀದಿ ನೀ?” ಎಂದವಳು ವಾಕರಿನ ಕಾಲಿನಿಂದ ಬಾಗಿಲ ಪಕ್ಕದ ಒಂದು ಚೌಕವನ್ನು ಮುಟ್ಟಿದಳು. “ಇದೇನಿದು?”

“ವಾಷ್‌ಬೇಸಿನ್.”

“ಯಾರಿಗಿ?”

ಇದಕ್ಕೆ ಸುನಂದಾ ನಕ್ಕಿದ್ದರೆ ನಾನು ಸಿಟ್ಟಾಗಬಹುದಿತ್ತು. ಅವಳು ನಗಲಿಲ್ಲ, ದೂರದ ಪೇರಲ ಗಿಡವನ್ನು ಆಸಕ್ತಿಯಿಂದ ನೋಡತೊಡಗಿದಳು. ನಾನು ಚಪ್ಪಲಿ ಕಳಚಿ, ಬರಿಗಾಲಿನಿಂದ ಬೇಸಿನ್ನನ್ನು ಉಜ್ಜಿ ಅಳಿಸಿದೆ. ಕನ್ನಡಿ ಕಾಗದದ ಮೇಲೆ ಮಾತ್ರವಿತ್ತು; ಅದು ತಾನಾಗಿಯೇ ಹೋಯಿತು. ಅಳಿಸಿದ ಜಾಗದಲ್ಲಿ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಉತ್ತರಕ್ಕೆ ಮುಖ ಮಾಡಿ ಕಮೋಡನ್ನು ಎಳೆದೆ. ಹಿಡಿಸಿತು. ರಾಜೇಸಾಬನ ಪಶ್ಚಿಮವೂ ತಪ್ಪಿತು, ತವರಿನವರ ಈಶಾನ್ಯವೂ ತಪ್ಪಿತು. ಹಗಲಿನ ಶಾಸ್ತ್ರವೂ ಕೂಡಿಬಂತು. ರಾತ್ರಿಯ ಶಾಸ್ತ್ರವನ್ನು ರಾತ್ರಿ ನೋಡಿಕೊಂಡರಾಯಿತು. ಮೀಯುವ ಕಟ್ಟೆ ಒಳಗಿನ ತುದಿಗೆ ಸರಿಯಿತು. ಅದರ ಮುಂದೆ, ಕರಿಯ ಕಲ್ಲಿನ ಮೇಲೆ, ಕಿಂಡಿ ಇದ್ದಲ್ಲಿಯೇ ಉಳಿಯಿತು. ಕಮೋಡಿನ ಮುಂದೆ ಉಳಿದ ದಾರಿ ಒಂದೂಮುಕ್ಕಾಲು ಅಡಿ. ವಾಕರ್ ಹೋಗುವುದಿಲ್ಲ.

“ಇಕ್ಕಟ್ಟ ಛಲೋ” ಎಂದಳು ಶಾಂತಕ್ಕ. ವಾಕರನ್ನು ಗೆರೆಯ ಬಾಗಿಲಲ್ಲಿಯೇ ಬಿಟ್ಟು, ಒಂದು ಕಡೆ ನನ್ನ ತೋಳನ್ನೂ ಇನ್ನೊಂದು ಕಡೆ ಸುನಂದಾಳ ತೋಳನ್ನೂ ಗೋಡೆಗಳೆಂದು ಹಿಡಿದುಕೊಂಡು ಅಡ್ಡಡ್ಡವಾಗಿ ಹೆಜ್ಜೆಯಿಟ್ಟಳು. “ಎರಡೂ ಗ್ವಾಡಿ ಕೈಗಿ ಸಿಗ್ತಾವ. ದೊಡ್ಡ ಬಚ್ಚಲಾಗ ಬಿದ್ರ ಹಿಡಕೊಳ್ಳಾಕ ಏನಿರ್ತೈತಿ?” ದುಂಡಿನ ಮುಂದೆ ಬಂದು ನಿಂತಳು. “ಹಾಂ. ಇಲ್ಲಿ ಕುಂಡ್ರತೀನಿ.”

ಕಿಂಡಿಯನ್ನು ಮುಚ್ಚುವುದಿಲ್ಲವೆಂಬ ಸುದ್ದಿ ಮುಟ್ಟಿದ ಮರುದಿನವೇ ರಾಜೇಸಾಬ ಪ್ರತ್ಯಕ್ಷನಾದ. ತಾನು ಅಂದು ಓಡಿದ್ದೇ ಇಲ್ಲ, ಬಸ್ಸು ಹಿಡಿದದ್ದೆಂದು ಎಲ್ಲರಿಗೂ ಪ್ರತ್ಯೇಕವಾಗಿ ಹೇಳಿದ. ಪ್ರತಿ ಮುಂಜಾನೆ ಕೆಲಸಕ್ಕೆ ಮೊದಲು ಕಿಂಡಿಗೆ ಸಲಾಮು ಮಾಡುತ್ತಿದ್ದ. ಹಿಡಿಕೆಗಳನ್ನು ಮೊದಲು ನನ್ನ ಎತ್ತರಕ್ಕೆ ಕೂಡಿಸಿ, ಶಾಂತಕ್ಕನಿಂದ ಬೈಸಿಕೊಂಡು, ಕಿತ್ತು ಮತ್ತೆ ಕೂಡಿಸಿದ. ಟೈಲ್ಸು ಒಂದು ಕಡೆ ಸೊಟ್ಟಗಾಯಿತು, ನಾನು ತೋರಿಸಿದೆ. “ಕೆಳಗ ಇರಾವ್ರು ಏನೂ ಅನ್ನಲಿಲ್ರಿ. ನೀವ್ಯಾಕ ಅಂತೀರಿ?” ಎಂದ. ಕೆಲಸ ನಡೆದಷ್ಟು ದಿನ ನಾನು ಬಚ್ಚಲಿನ ಬಾಗಿಲಿನಿಂದ ಒಳಗೆ ಹೋಗಲಿಲ್ಲ. ಧೂಳು ನನ್ನ ಗಂಟಲಿಗೆ ಆಗುವುದಿಲ್ಲವೆಂದು ಹೇಳಿದೆ. ಯಾರೂ ವಿವರ ಕೇಳಲಿಲ್ಲ.

ಮೊದಲ ಸ್ನಾನದ ದಿನ ಶಾಂತಕ್ಕ ಬೆಳಗಿನಿಂದಲೇ ತಯಾರಿಗೆ ತೊಡಗಿದಳು. ಹೊಸ ಸೋಪು, ಒಗೆದ ಸೀರೆ, ಮೈಯುಜ್ಜುವ ಕಲ್ಲು ಎಲ್ಲವನ್ನೂ ತಾನೇ ಹೊಂದಿಸಿಕೊಂಡಳು. ಬಿಸಿನೀರನ್ನು ಸುನಂದಾ ಒಳಗಿಟ್ಟು ಬಂದಳು. ವಾಕರ್ ಬಾಗಿಲಲ್ಲಿ ನಿಂತಿತು, ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದಾಯಿತು. ಆ ಚಿಲಕದ ಸದ್ದಿಗೆ ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವಿಬ್ಬರೂ ಹೊರಗೆ ನಿಂತು ಕಿವಿಗೊಟ್ಟೆವು. ಬಿದ್ದರೆ ಬಾಗಿಲು ಒಡೆಯಲೆಂದು ನಾನು ಹಾರೆಯನ್ನೂ ತಂದಿಟ್ಟುಕೊಂಡಿದ್ದೆ. ಹಿಡಿಕೆ ಹಿಡಿದು ಸರಿದ ಸದ್ದು, ಕಟ್ಟೆಯ ಮೇಲೆ ಕುಳಿತು “ಯಪ್ಪಾ” ಎಂದ ಸದ್ದು, ತಣ್ಣೀರಿನ ತಂಬಿಗೆ. ಆಮೇಲೆ ಎಂದಿನ ದನಿಯಲ್ಲಿ, “ಸರೀರಿ.”

ಈ ಸಲ ಯಾರೂ “ಎಲ್ಲಿಗೆ” ಎಂದು ಕೇಳಲಿಲ್ಲ. ನೀರು ಚೆಲ್ಲಿತು, ಕಿಂಡಿಯೊಳಗೆ ಇಳಿದು ಬಹಳ ದೂರ ಹೋಯಿತು. ಮತ್ತೆ ಚೆಲ್ಲಿತು. ಅದರ ನಡುವೆ ಶಾಂತಕ್ಕ ಮೆಲ್ಲಗೆ ಏನೋ ಮಾತನಾಡುತ್ತಿದ್ದಳು. ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಅವಳು ನಕ್ಕದ್ದನ್ನು ಕೇಳಿ ತಿಂಗಳುಗಳೇ ಆಗಿದ್ದವು. ಅವಳ ನಗುವಿನ ಬೆನ್ನಿಗೇ ಇನ್ನೊಂದು ನಗು ಕೇಳಿಸಿತು, ಕೆಳದನಿಯದು, ವಯಸ್ಸಾದದ್ದು.

“ಹಮೀದಾಬಿ ಚಾಚಿ ಆ ಕಡಿಂದ ಮಾತಾಡಾಕತ್ತಾರ, ಅಷ್ಟರಿ” ಎಂದು ಸುನಂದಾ ನನ್ನ ಕೈ ಹಿಡಿದಳು.

“ನಾ ಇಲ್ಲೇ ಅದೀನ್ಬೇ” ಎಂದಿತು ನಮ್ಮ ಬೆನ್ನ ಹಿಂದಿನ ಧ್ವನಿ. ಹಮೀದಾಬಿ ಕೈಯಲ್ಲಿ ಶಾವಿಗೆ ಪಾಯಸದ ಬಟ್ಟಲು ಹಿಡಿದು ಹಿತ್ತಲಿನ ಬಾಗಿಲಲ್ಲಿ ನಿಂತಿದ್ದರು. ಅವರ ಮನೆಯವರೆಲ್ಲ ಆ ದಿನ ನಿಡೋಣಿಗೆ ಮದುವೆಗೆ ಹೋಗಿದ್ದರು.

ಹಾರೆಯನ್ನು ನಾನು ಸದ್ದಾಗದಂತೆ ಗೋಡೆಗೆ ಒರಗಿಸಿದೆ. ಅದರಿಂದ ಯಾರಿಗೆ ಏನು ಮಾಡಲಿದ್ದೆನೆಂಬುದು ನನಗೇ ಸ್ಪಷ್ಟವಿರಲಿಲ್ಲ. ಚಿಲಕ ತೆರೆಯಿತು. ಶಾಂತಕ್ಕ ತಾನೇ ಉಟ್ಟ ಸೀರೆಯಲ್ಲಿ, ತಾನೇ ಒರೆಸಿಕೊಂಡ ಕೂದಲನ್ನು ಬೆನ್ನಿಗೆ ಹರಡಿಕೊಂಡು, ಹಬೆಯ ನಡುವಿನಿಂದ ಹೊರಬಂದಳು. ಹತ್ತು ವರ್ಷ ಚಿಕ್ಕವಳಾಗಿ ಕಂಡಳು. ವಾಕರಿಗೆ ಕೈ ಹಾಕಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಬಸ್ಯಾ, ನಕ್ಷಾ ಛಲೋ ತಗದೀಯಂತ” ಎಂದಳು.

ಯಾರು ಹಾಗೆಂದರೆಂದು ನಾನು ಕೇಳಲಿಲ್ಲ. ಆಯುಷ್ಯವೆಲ್ಲ ಪರರ ಬರಹಕ್ಕೆ ಅಂಕ ಹಾಕುತ್ತ ಬಂದವನಿಗೆ ಅಂದು ಮೊದಲ ಬಾರಿಗೆ ಯಾರೋ ಅಂಕ ಹಾಕಿದ್ದರು. ಪರೀಕ್ಷಕರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. “ತುಂಬಾ ಉಪಕಾರವಾಯಿತೆಂದು ತಿಳಿಸು” ಎಂದಷ್ಟೇ ಪಿಸುಗುಟ್ಟಿದೆ. ಹೀಗೆ ನಮ್ಮ ಮನೆಯ ಬಚ್ಚಲಿನ ನಕ್ಷೆಗೆ ಎಲ್ಲ ನಿವಾಸಿಗಳ ಒಪ್ಪಿಗೆ ದೊರೆತದ್ದು ೨೦೨೪ನೆಯ ಇಸವಿಯ ಫೆಬ್ರವರಿ ತಿಂಗಳ ಹನ್ನೊಂದನೆಯ ತಾರೀಖು, ಭಾನುವಾರ.